ನಿಮಗಿದು ಗೊತ್ತೇ? ಅಂಗಡಿಯವರ ಉಯಿಲು: ಗುಬ್ಬಿಯಿಂದ ಲಂಡನ್‌ವರೆಗೆ

★ ಬೆಂಗಳೂರಿನ ರೈಲು ನಿಲ್ದಾಣದ ಬಳಿಯ ತೋಟದಪ್ಪನ ಛತ್ರದಲ್ಲಿ ಒಂದು ರಾತ್ರಿಯಾದರೂ ತಂಗಿದ್ದವರು ಹಳೇ ಮೈಸೂರಿನ ಊರೂರಿನಲ್ಲೂ ಸಿಗುತ್ತಾರೆ. ಆ ತೋಟದಪ್ಪನವರು ನಮ್ಮೂರು ಬೆಳ್ಳಾವಿಗೆ ನೆರೆಯ ಗುಬ್ಬಿಯವರು. ಹುಟ್ಟಿದ್ದು 1838ರಲ್ಲಿ. ಮನೆಯವರು ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರಕ್ಕೆ ನಿಂತರು. ವ್ಯಾಪಾರ ಕೈಹಿಡಿಯಿತು. ಆದರೆ ತೋಟದಪ್ಪ–ಗೌರಮ್ಮ ದಂಪತಿಗೆ ಮಕ್ಕಳಾಗಲಿಲ್ಲ. ಗಳಿಸಿದ್ದು ಯಾರ ಕೈ ಸೇರಬೇಕು ಎಂಬ ಪ್ರಶ್ನೆ ಎಲ್ಲ ವರ್ತಕರನ್ನೂ ಒಂದಲ್ಲ ಒಂದು ದಿನ ಕಾಡುತ್ತದೆ. ಇವರು ಅದಕ್ಕೆ ಕಂಡುಕೊಂಡ ಉತ್ತರ, ಪರಸ್ಥಳದಿಂದ ಬಂದು ಇಳಿಯುವವರಿಗೆ ನೆಲೆ, ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ಊಟ ಮತ್ತು ವಸತಿ. 1897ರಲ್ಲಿ ನಿಲ್ದಾಣದ ಹತ್ತಿರ ಜಾಗ ಕೊಂಡರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಛತ್ರವನ್ನು ಉದ್ಘಾಟಿಸಿದರು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಛತ್ರವೂ ವಿದ್ಯಾರ್ಥಿನಿಲಯವೂ ಇಂದಿಗೂ ನಡೆಯುತ್ತಿವೆ.

★ ಒಬ್ಬ ವ್ಯಾಪಾರಿಯ ಇಚ್ಛೆ ಅವನು ಕಣ್ಣುಮುಚ್ಚಿ ನೂರು ವರ್ಷ ದಾಟಿದ ಮೇಲೂ ನಡೆಯುವುದು ಹೇಗೆ? ತೋಟದಪ್ಪನವರು ಬದುಕಿದ್ದಾಗಲೇ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ನೋಡಿಕೊಳ್ಳಲು ನಂಬಿಕಸ್ತರನ್ನು ನೇಮಿಸಿದರು. ಮೊದಲ ಅಧ್ಯಕ್ಷರಾಗಿ ಆರಿಸಿದ್ದು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು. ಬೆಂಗಳೂರಿನ ಪುರಭವನ ಇಂದು ಹೊತ್ತಿರುವುದು ಇದೇ ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು. ಬರೆದಿಡುವುದು ಎಷ್ಟು ಮುಖ್ಯವೋ, ಬರೆದದ್ದನ್ನು ನಡೆಸುವವರನ್ನು ಆರಿಸುವುದೂ ಅಷ್ಟೇ ಮುಖ್ಯ. ಉಯಿಲು ಬರೆಸುವವರಲ್ಲಿ ಹೆಚ್ಚಿನವರು ಈ ಎರಡನೆಯ ಕೆಲಸವನ್ನು ಮರೆಯುತ್ತಾರೆ.

★ ತೋಟದಪ್ಪನವರು ಮಾಡಿದಂಥ ಟ್ರಸ್ಟಿನ ಪತ್ರಕ್ಕೂ ಉಯಿಲಿಗೂ ಇರುವ ದೊಡ್ಡ ವ್ಯತ್ಯಾಸ ಇಷ್ಟು: ಟ್ರಸ್ಟ್ ಬರೆದ ಕೂಡಲೇ ಜಾರಿಗೆ ಬರಬಹುದು, ಉಯಿಲು ಬರೆದವರ ಉಸಿರು ನಿಂತ ಮೇಲಷ್ಟೇ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಹರಿದು ಹಾಕಬಹುದು, ಹೊಸದು ಬರೆಯಬಹುದು. ಕೊನೆಯದೇ ಊರ್ಜಿತ.

★ ತೋಟದಪ್ಪನವರಿಗಿಂತ ಮುನ್ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಒಬ್ಬ ದಿನಸಿ ವ್ಯಾಪಾರಿ ಇದ್ದ. ಹೆಸರು ಲಾರೆನ್ಸ್ ಷೆರಿಫ್. ಮೊದಲನೆಯ ಎಲಿಜಬೆತ್ ರಾಣಿಯ ಮನೆತನಕ್ಕೆ ಮಸಾಲೆ ಸಾಮಾನು ಒದಗಿಸುತ್ತಿದ್ದವನು. ಇಂಗ್ಲೆಂಡನ್ನು ಟ್ಯೂಡರ್ ವಂಶ ಆಳಿದ ಕಾಲ ಅದು, 1485ರಿಂದ 1603ರವರೆಗೆ. 1567ರ ಜುಲೈನಲ್ಲಿ ಷೆರಿಫ್ ಉಯಿಲು ಬರೆಸಿದ. ತನ್ನ ಹುಟ್ಟೂರು ರಗ್ಬಿಯಲ್ಲಿ ಒಂದು ಶಾಲೆಯೂ ಬಡ ಮುದುಕರಿಗೆ ವಸತಿಯೂ ಆಗಲಿ ಎಂದು ಹಣ ಎತ್ತಿಟ್ಟ. ಒಂದು ತಿಂಗಳು ಕಳೆದ ಮೇಲೆ ಮನಸ್ಸು ಬದಲಾಯಿತು. ಉಯಿಲಿಗೆ ಪುರವಣಿ ಬರೆಸಿ, ಆ ನಗದಿನ ಬದಲು ಲಂಡನ್ ಹೊರವಲಯದಲ್ಲಿದ್ದ ತನ್ನ ಹುಲ್ಲುಗಾವಲಿನ ಮೂರನೇ ಒಂದು ಭಾಗವನ್ನು, ಅಂದರೆ ಸುಮಾರು 8 ಎಕರೆಯನ್ನು ಕೊಟ್ಟ. ಕೆಲವೇ ದಿನಗಳಲ್ಲಿ ಸತ್ತ. ಮುಂದೆ ಲಂಡನ್ ಬೆಳೆದು ಆ ಹುಲ್ಲುಗಾವಲನ್ನು ನುಂಗಿತು, ಬಾಡಿಗೆ ಹಲವು ಪಟ್ಟು ಏರಿತು, ಹಳ್ಳಿಯ ಶಾಲೆ ದೇಶವೇ ಬಲ್ಲ ರಗ್ಬಿ ಶಾಲೆಯಾಯಿತು. ರಗ್ಬಿ ಆಟಕ್ಕೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ನಗದು ಕೊಟ್ಟಿದ್ದರೆ ಅದು ಎಂದೋ ಕರಗಿಹೋಗುತ್ತಿತ್ತು. ದಿನಸಿ ಅಂಗಡಿಯವನಿಗೆ ನೆಲದ ಬೆಲೆ ಗೊತ್ತಿತ್ತು.

★ ಹಾಗೆ ನೆಲವನ್ನು ಉಯಿಲಿನಲ್ಲಿ ಕೊಡುವ ಹಕ್ಕು ಇಂಗ್ಲಿಷರಿಗೆ ಕಾನೂನಿನಿಂದ ಸಿಕ್ಕಿದ್ದು 1540ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ. ಅದಕ್ಕೆ ಮುಂಚೆ ಸಾಮಾನು ಸರಂಜಾಮನ್ನು ಬರೆದುಕೊಡಬಹುದಿತ್ತು. ಜಮೀನು ಮಾತ್ರ, ಕೆಲವು ಊರುಗಳ ವಾಡಿಕೆ ಬಿಟ್ಟರೆ, ವಂಶಪಾರಂಪರ್ಯದ ನಿಯಮದಂತೆ ಸಾಮಾನ್ಯವಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು.

★ ಟ್ಯೂಡರ್ ಕಾಲದ ಲಂಡನ್ ವರ್ತಕನ ಚರಾಸ್ತಿ ಮೂರು ಪಾಲಾಗಬೇಕಿತ್ತು: ಹೆಂಡತಿಗೊಂದು, ಮಕ್ಕಳಿಗೊಂದು, ಉಳಿದ ಒಂದು ಪಾಲು ಮಾತ್ರ ಸತ್ತವನ ಇಷ್ಟಕ್ಕೆ. ತಂದೆ ಸತ್ತ ಮಕ್ಕಳ ಪಾಲನ್ನು ಅವರು ದೊಡ್ಡವರಾಗುವವರೆಗೆ ಕಾಯಲು ಲಂಡನ್ ನಗರಾಡಳಿತ ಅನಾಥರ ನ್ಯಾಯಾಲಯವನ್ನೇ ಇಟ್ಟಿತ್ತು.

★ ಮೂರನೇ ಒಂದರ ಲೆಕ್ಕ ನಮ್ಮ ನೆರೆಮನೆಯಲ್ಲೂ ಇದೆ. ಮುಸ್ಲಿಂ ಕಾನೂನಿನ ಪ್ರಕಾರ, ಮಣ್ಣಿನ ಖರ್ಚು ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಸಿಯ್ಯತ್ (ಉಯಿಲು) ಮಾಡಬಹುದು. ಉಳಿದದ್ದು ವಾರಸುದಾರರಿಗೆ ಗೊತ್ತುಪಡಿಸಿದ ಪಾಲಿನಂತೆ ಹೋಗುತ್ತದೆ. ವಾರಸುದಾರರಲ್ಲೇ ಒಬ್ಬರಿಗೆ ಹೆಚ್ಚು ಬರೆಯಬೇಕೆಂದರೆ, ಸುನ್ನಿ ಪಂಥದಲ್ಲಿ, ಉಳಿದವರ ಒಪ್ಪಿಗೆ ಬೇಕು. ಸರಿಯಾದ ಸಾಕ್ಷ್ಯವಿದ್ದರೆ ಬಾಯಿಮಾತಿನ ವಸಿಯ್ಯತ್ತೂ ಊರ್ಜಿತ.

★ ಆ ಕಾಲದ ಇಂಗ್ಲಿಷ್ ಕಸುಬುದಾರರ ಉಯಿಲುಗಳಲ್ಲಿ ಏನೇನು ಬರೆದಿರುತ್ತಿತ್ತು? ಮೊದಲು ಆತ್ಮವನ್ನು ದೇವರಿಗೆ, ದೇಹವನ್ನು ಚರ್ಚಿನ ಮಣ್ಣಿಗೆ ಒಪ್ಪಿಸುವ ಮಾತು. ಆಮೇಲೆ ಗರಿಯ ಹಾಸಿಗೆ, ಹಿತ್ತಾಳೆ ಪಾತ್ರೆ, ಬೆಳ್ಳಿ ಚಮಚ, ತೊಟ್ಟ ನಿಲುವಂಗಿ, ಒಂದೊಂದನ್ನೂ ಹೆಸರಿಸಿ ಒಬ್ಬೊಬ್ಬರಿಗೆ. ನಮ್ಮ ಮನೆಗಳಲ್ಲಿ ಅಜ್ಜಿ ತಾಮ್ರದ ಹಂಡೆ ಹಿರಿಸೊಸೆಗೆ, ಕಂಚಿನ ತಟ್ಟೆ ಮೊಮ್ಮಗಳಿಗೆ ಎಂದು ಹೇಳಿಟ್ಟ ಹಾಗೆಯೇ. ಮಗ್ಗ, ಕುಲುಮೆಯ ಅಡಿಗಲ್ಲು, ಚರ್ಮ ಕೊಯ್ಯುವ ಕತ್ತಿಯಂಥ ಕಸುಬಿನ ಸಲಕರಣೆ ಕಸುಬು ಮುಂದುವರಿಸುವ ಮಗನಿಗೆ ಅಥವಾ ಕೈಕೆಳಗೆ ಕಲಿತ ಹುಡುಗನಿಗೆ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಮದುವೆಯ ದಿನ ಅಥವಾ ಇಷ್ಟು ವಯಸ್ಸಾದ ಮೇಲೆ ಕೊಡತಕ್ಕದ್ದೆಂದು ಹಣ. ಚಿಕ್ಕ ಗಂಡುಮಕ್ಕಳನ್ನು ಯಾವುದಾದರೂ ಕಸುಬಿಗೆ ಹಚ್ಚಬೇಕೆಂಬ ಸೂಚನೆ. 1563ರ ಕಾಯ್ದೆಯಂತೆ ಕಸುಬು ಕಲಿಯಲು ಕನಿಷ್ಠ 7 ವರ್ಷ ಬೇಕಿತ್ತು. ಹಾಗಾಗಿ ಯಜಮಾನ ಸತ್ತರೆ ಹುಡುಗನ ಉಳಿದ ವರ್ಷಗಳು ಯಾರ ಬಳಿ ಎಂಬುದನ್ನೂ ಉಯಿಲೇ ಹೇಳುತ್ತಿತ್ತು. ಈ ಪತ್ರಗಳನ್ನು ಓದಿದರೆ, ಅಂಗಡಿ ಎಂದರೆ ಆಸ್ತಿಯಷ್ಟೇ ಅಲ್ಲ, ಅದರ ನೆರಳಿನಲ್ಲಿ ಉಣ್ಣುವ ಎಲ್ಲರ ಹೊಣೆ ಎಂಬ ಅರಿವು ಎದ್ದು ಕಾಣುತ್ತದೆ.

★ ಉಯಿಲನ್ನು ನಡೆಸುವ ಕೆಲಸವನ್ನು ಟ್ಯೂಡರ್ ವರ್ತಕರು ಬಹಳ ಸಲ ಹೆಂಡತಿಗೇ ಒಪ್ಪಿಸುತ್ತಿದ್ದರು. ಗಂಡನ ಜೊತೆ ಅಂಗಡಿ ನಡೆಸಿದ್ದವಳು ಅವನು ಹೋದ ಮೇಲೂ ಕಸುಬು ಮುಂದುವರಿಸಲು ಹಲವು ವರ್ತಕ ಸಂಘಗಳು ಅವಕಾಶ ಕೊಟ್ಟಿದ್ದವು. ಆದರೆ ಅದೇ ಹೆಂಗಸು, ಗಂಡ ಬದುಕಿರುವಾಗ, ತನ್ನ ಹೆಸರಿನ ಜಮೀನನ್ನು ಉಯಿಲಿನಲ್ಲಿ ಕೊಡುವಂತಿರಲಿಲ್ಲ. 1540ರ ಕಾಯ್ದೆಗೆ ಎರಡು ವರ್ಷದ ಮೇಲೆ ಬಂದ ವಿವರಣೆ ಅದನ್ನು ಸ್ಪಷ್ಟವಾಗಿ ತಡೆಯಿತು. ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಇದಕ್ಕೆ ತದ್ವಿರುದ್ಧ: ಮದುವೆಯಾದ ಹೆಂಗಸು ತಾನು ಬದುಕಿದ್ದಾಗ ಯಾವ ಆಸ್ತಿಯನ್ನು ಪರಭಾರೆ ಮಾಡಬಲ್ಲಳೋ ಅದನ್ನು ಉಯಿಲಿನಲ್ಲೂ ಕೊಡಬಲ್ಲಳು.

★ ಟ್ಯೂಡರ್ ಇಂಗ್ಲೆಂಡಿನಲ್ಲಿ 14 ವರ್ಷದ ಹುಡುಗ, 12 ವರ್ಷದ ಹುಡುಗಿ ಕೂಡ ಚರಾಸ್ತಿಗೆ ಉಯಿಲು ಬರೆಯಬಹುದಿತ್ತು. ಜಮೀನಿಗೆ 21 ಆಗಬೇಕಿತ್ತು. ಇಂದು ನಮ್ಮಲ್ಲಿ 18.

★ ಅತ್ತ ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಇತ್ತ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ಅಲ್ಲಿನ ವರ್ತಕ ಉಯಿಲು ಬರೆಸುತ್ತಿದ್ದಾಗ ನಮ್ಮ ಪೇಟೆಯ ಸೆಟ್ಟರು ಏಕೆ ಬರೆಸಲಿಲ್ಲ? ಉತ್ತರ ಕಲ್ಯಾಣದಲ್ಲಿದೆ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಂ ಕಡೆ ಬಿಟ್ಟರೆ ಭಾರತದ ಹೆಚ್ಚಿನ ಭಾಗದ ಹಿಂದೂ ಕುಟುಂಬಗಳ ಆಸ್ತಿ ಲೆಕ್ಕವನ್ನು ಈ ಕನ್ನಡ ನೆಲದ ಗ್ರಂಥ ಎಂಟುನೂರು ವರ್ಷಕ್ಕೂ ಮಿಕ್ಕಿ ನಿರ್ಧರಿಸಿತು. ಅದರ ಮೂಲ ಮಾತು: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಹಕ್ಕು. ಹುಟ್ಟಿನಿಂದಲೇ ಹಕ್ಕು ಬಂದ ಮೇಲೆ ತಂದೆ ಅದನ್ನು ಸಾಯುವಾಗ ಯಾರಿಗೆ ತಾನೇ ಬರೆದುಕೊಟ್ಟಾನು? ಉಯಿಲಿಗೆ ಜಾಗವೇ ಇರಲಿಲ್ಲ.

ಅದೇ ವಿಜ್ಞಾನೇಶ್ವರ ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳಿದ. ಭಾಗವಾಗಿ ಬೇರೆ ಇದ್ದು, ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿಗೆ ಅವನ ಹೆಂಡತಿಯೇ ಮೊದಲ ವಾರಸುದಾರಳು ಎಂದ. ಅವನ ಹಿಂದಿನ ಹಲವು ಪಂಡಿತರು ಇದನ್ನು ಒಪ್ಪಿರಲಿಲ್ಲ. ಅಷ್ಟು ಹಿಂದೆ ಇಷ್ಟು ಹೇಳಿದ್ದು ದೊಡ್ಡದು.

★ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೆ ಕಾಯ್ದೆ ತಂದಿತು. ಬ್ರಿಟಿಷ್ ಭಾರತ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಮಾಡುವುದಕ್ಕೆ ನಾಲ್ಕು ವರ್ಷ ಮುಂಚೆ. ಮನೆ ಪಾಲಾಗುವಾಗ ವಿಧವೆಗೆ ಗಂಡ ಇದ್ದಿದ್ದರೆ ಬರುತ್ತಿದ್ದ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲು ಭಾಗ. ಇಂದಿನ ಕಣ್ಣಿಗೆ ಕಡಿಮೆ ಅನ್ನಿಸಬಹುದು. ಅಂದಿನ ತುಮಕೂರು ಸೀಮೆಯ ವಿಧವೆಗೆ ಅದು ಪಾಲು ಕೇಳುವ ಹಕ್ಕಾಗಿತ್ತು.

★ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದು 2020ರ ಆಗಸ್ಟ್ 11ರಂದು.

★ ಈಗ ನಮ್ಮೂರಿನ ಮಾತು. ಬೆಳ್ಳಾವಿಯಲ್ಲಿ ಅಂಗಡಿ ಇಟ್ಟವರು, ತುಮಕೂರಿನಲ್ಲಿ ಅಡಿಕೆ ಮಂಡಿ ನಡೆಸುವವರು, ತಾವೇ ದುಡಿದು ಗಳಿಸಿದ್ದನ್ನು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ, ಕೂಡುಕುಟುಂಬದ ಆಸ್ತಿಯಲ್ಲಿ ತಮಗೆ ಬರುವ ಪಾಲನ್ನೂ ಬರೆಯಬಹುದು. ಇಡೀ ಪಿತ್ರಾರ್ಜಿತವನ್ನು ಬರೆದರೆ ಮಾತ್ರ, ತಮ್ಮ ಪಾಲಿನಷ್ಟಕ್ಕೇ ಅದು ನಿಲ್ಲುತ್ತದೆ.

★ ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಕಾನೂನಿನ ಭಾಷೆಯೂ ಬೇಕಿಲ್ಲ, ಮನಸ್ಸಿನಲ್ಲಿರುವುದು ತಿಳಿಯುವಂತಿದ್ದರೆ ಆಯಿತು. ಕನ್ನಡದಲ್ಲೇ ಬರೆಯಬಹುದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ನೋಂದಣಿ ಕಡ್ಡಾಯವಲ್ಲ.

★ ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ಬರೆದವರು ಸಹಿ ಮಾಡಿದ್ದನ್ನು ಇಬ್ಬರೂ ಕಣ್ಣಾರೆ ನೋಡಿರಬೇಕು, ಇಲ್ಲವೇ 'ಈ ಸಹಿ ನನ್ನದು' ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಸಮ್ಮುಖದಲ್ಲಿ ತಾವು ಸಹಿ ಹಾಕಬೇಕು. ಇಬ್ಬರೂ ಒಟ್ಟಿಗೇ ಇರಬೇಕೆಂದಿಲ್ಲ. ಸಾಕ್ಷಿಗಳು ಉಯಿಲಿನಲ್ಲಿ ಏನಿದೆ ಎಂದು ಓದಬೇಕೆಂದೂ ಇಲ್ಲ. ಎಷ್ಟೋ ಉಯಿಲುಗಳು ಬೀಳುವುದು ಇಲ್ಲಿಯೇ: ಬರೆದವರು ಮನೆಯಲ್ಲಿ ಸಹಿ ಹಾಕಿರುತ್ತಾರೆ, ಸಾಕ್ಷಿಗಳು ಮರುದಿನ ಅಂಗಡಿಯಲ್ಲಿ ನಿಂತು, ಅವರ ಮುಖವನ್ನೂ ನೋಡದೆ ಸಹಿ ಹಾಕಿರುತ್ತಾರೆ. ಹತ್ತು ವರ್ಷದ ಮೇಲೆ ನ್ಯಾಯಾಲಯದ ಕಟಕಟೆಯಲ್ಲಿ ಆ ಸಾಕ್ಷಿ ನಿಜ ಹೇಳಿದರೂ ಉಯಿಲು ಬೀಳುತ್ತದೆ. ವಯಸ್ಸಿನಲ್ಲಿ ತಮಗಿಂತ ಚಿಕ್ಕವರನ್ನು ಸಾಕ್ಷಿ ಹಾಕಿಸಿ. ತಮ್ಮ ಓರಗೆಯ ಗೆಳೆಯರನ್ನೇ ಹಾಕಿಸಿದವರ ಮಕ್ಕಳು, ಸಾಕ್ಷಿಗಳಿಬ್ಬರೂ ತೀರಿಹೋಗಿ, ಹಳೆಯ ಸಹಿಯನ್ನು ಗುರುತಿಸುವವರಿಗಾಗಿ ಊರೂರು ಅಲೆಯಬೇಕಾಗುತ್ತದೆ.

★ ಉಯಿಲಿನಿಂದ ಲಾಭ ಪಡೆಯುವವರೇ ಸಾಕ್ಷಿ ಹಾಕಬಹುದೇ? ಕ್ರೈಸ್ತರ ಉಯಿಲಾದರೆ ಸಾಕ್ಷಿಗೆ ಬರೆದ ಭಾಗ ಅನೂರ್ಜಿತ. ಹಿಂದೂಗಳಿಗೆ ಆ ಕಲಂ ಅನ್ವಯಿಸದು. ಆದರೂ ಹಾಕಿಸಬೇಡಿ, ಅದು ಅನುಮಾನಕ್ಕೆ ಬಾಗಿಲು ತೆರೆಯುತ್ತದೆ.

★ ಅನುಮಾನದ ವಿಷಯದಲ್ಲಿ ಇಡೀ ಭಾರತದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪು ಹುಟ್ಟಿದ್ದು ಮೈಸೂರು ಸೀಮೆಯ ಒಂದು ಉಯಿಲಿನಿಂದ. ಹೆಣ್ಣುಮಗಳೊಬ್ಬರು 1945ರಲ್ಲಿ ಬರೆಸಿದ್ದರೆನ್ನಲಾದ ಉಯಿಲು ಅದು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಎಂಬ ಈ ಪ್ರಕರಣದ ತೀರ್ಪನ್ನು 1958ರ ನವೆಂಬರ್‌ನಲ್ಲಿ ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಉಯಿಲು ಬರೆದವರು ಬಂದು 'ಹೌದು, ಇದು ನನ್ನದೇ' ಎಂದು ಹೇಳಲಾರರು. ಆದ್ದರಿಂದ ಅದನ್ನು ಮುಂದಿಡುವವರೇ ಎಲ್ಲ ಅನುಮಾನಗಳನ್ನೂ ನಿವಾರಿಸಬೇಕು. ಉಯಿಲಿನಿಂದ ದೊಡ್ಡ ಲಾಭ ಪಡೆಯುವವನೇ ಅದನ್ನು ಬರೆಸುವಾಗ ಮುಂದೆ ನಿಂತು ಓಡಾಡಿದ್ದರೆ ಅದೇ ಒಂದು ದೊಡ್ಡ ಅನುಮಾನ. ಆ ಉಯಿಲು ಸಾಬೀತಾಗಲಿಲ್ಲ. ತಂದೆಯ ಕೈಹಿಡಿದು ಪತ್ರ ಬರೆಯುವವರ ಹತ್ತಿರ ಕರೆದೊಯ್ಯುವ ಮಗ, ಒಳ್ಳೆಯ ಮನಸ್ಸಿನಿಂದಲೇ ಹೋದರೂ, ತನ್ನ ಪಾಲಿನ ಬುಡಕ್ಕೇ ಕೊಡಲಿ ಹಾಕಿಕೊಳ್ಳುತ್ತಿರಬಹುದು.

★ ಒಂದೇ ಉಯಿಲಿನ ಎರಡು ಮಾತುಗಳು ಒಂದಕ್ಕೊಂದು ಹೊಂದದೆ ಹೋದರೆ? ಕ್ರಯಪತ್ರದಂಥ ಪತ್ರಗಳಲ್ಲಿ ಮೊದಲು ಬರೆದದ್ದು ನಿಲ್ಲುತ್ತದೆ, ಉಯಿಲಿನಲ್ಲಿ ಕೊನೆಯಲ್ಲಿ ಬರೆದದ್ದು. 1925ರ ಕಾಯ್ದೆಯ 88ನೇ ಕಲಂ.

★ ಮಗನಿಗೆಂದು ಬರೆದಿಟ್ಟಿದ್ದೀರಿ, ವಿಧಿವಶಾತ್ ಮಗ ನಿಮಗಿಂತ ಮೊದಲೇ ಹೋದ. ಅವನಿಗೆ ಮಕ್ಕಳಿದ್ದರೆ ಆ ಪಾಲು ಬಿದ್ದುಹೋಗದು, ನೀವು ಬೇರೆ ರೀತಿ ಬರೆದಿರದಿದ್ದರೆ. ಅಣ್ಣತಮ್ಮಂದಿರಿಗೋ ಗೆಳೆಯರಿಗೋ ಬರೆದದ್ದಕ್ಕೆ ಈ ರಕ್ಷಣೆ ಇಲ್ಲ.

★ 'ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಉಯಿಲು ಯಾಕೆ?' ಸಂತೆಬೀದಿಯಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು, ಅತಿ ಹೆಚ್ಚು ಮನೆಗಳನ್ನು ಕೋರ್ಟಿಗೆ ಹತ್ತಿಸಿದ ಮಾತೂ ಇದೇ. ನಾಮಿನಿ ಹಣವನ್ನು ತೆಗೆದುಕೊಳ್ಳುವ ಕೈ ಮಾತ್ರ. ಒಡೆಯರು ಉಯಿಲು ಹೇಳಿದವರು, ಉಯಿಲಿಲ್ಲದಿದ್ದರೆ ವಾರಸುದಾರರು. ಜೀವವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನು 1984ರಲ್ಲಿ ಹೇಳಿತು, ಕಂಪನಿ ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಮೇಲೆ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣ ಅವರದೇ ಎಂದಾಯಿತು.

★ ವ್ಯಾಪಾರವೆಂದ ಮೇಲೆ ಸಾಲ ಇದ್ದೇ ಇರುತ್ತದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನಿಯಮ 2005ರವರೆಗೂ ನಮ್ಮ ಕಾನೂನಿನಲ್ಲಿ ಇತ್ತು. ಆ ವರ್ಷ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆಯಿತು. ಅಂದಿನಿಂದ ಮುಂದೆ ಮಾಡಿದ ಸಾಲಕ್ಕೆ, ಬಂದ ಆಸ್ತಿಯ ಮಟ್ಟಿಗಷ್ಟೇ ಮಕ್ಕಳು ಹೊಣೆ. ಆದರೆ ಉಯಿಲಿನಲ್ಲಿ ಮಗಳಿಗೆಂದು ಬರೆದ ನಿವೇಶನವನ್ನೂ ಸಾಲಗಾರರು ಮೊದಲು ಮುಟ್ಟಬಹುದು. ಸಾಲ ತೀರಿ ಉಳಿದದ್ದೇ ಉಯಿಲಿಗೆ.

ಸಾಲಗಾರರು ಮುಟ್ಟಲಾಗದಂತೆ ಹೆಂಡತಿಮಕ್ಕಳಿಗೆ ಏನನ್ನಾದರೂ ಉಳಿಸುವ ದಾರಿಯೊಂದಿದೆ. ಅದು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಂ. ಗಂಡ ತನ್ನ ಜೀವದ ಮೇಲೆ ವಿಮೆ ಮಾಡಿಸುವಾಗಲೇ ಈ ಕಾಯ್ದೆಯಡಿ ಹೆಂಡತಿಮಕ್ಕಳ ಹಿತಕ್ಕೆಂದು ಬರೆಸಿದರೆ, ಆ ಹಣ ಅವರ ಪಾಲಿಗೆ ಟ್ರಸ್ಟ್ ಆಗುತ್ತದೆ, ಅವನ ಸಾಲಗಾರರಿಗೆ ಸೇರದು. ಸಾಲಗಾರರನ್ನು ವಂಚಿಸಲೆಂದೇ ಮಾಡಿದ್ದರೆ ಮಾತ್ರ ಬೇರೆ ಮಾತು. ಹಿಂದೂ, ಮುಸ್ಲಿಂ ಎಲ್ಲರಿಗೂ 1923ರಿಂದ ಅನ್ವಯ. ಪಾಲಿಸಿ ಮಾಡಿಸುವಾಗ ಒಂದು ಹಾಳೆ ಹೆಚ್ಚಿಗೆ ತುಂಬಿದರೆ ಆಯಿತು. ಸಾಲದ ಮೇಲೆ ಬಂಡವಾಳ ಹೂಡಿ ಮಂಡಿ ನಡೆಸುವವರು ಏಜೆಂಟರನ್ನು ಇದನ್ನೇ ಮೊದಲು ಕೇಳಬೇಕು.

★ ಪಾಲುದಾರಿಕೆಯ ಅಂಗಡಿಯನ್ನು ಉಯಿಲಿನಲ್ಲಿ ಮಗನಿಗೆ ಕೊಡಬಹುದೇ? ನಿಮ್ಮ ಪಾಲಿನ ಬೆಲೆಯನ್ನು ಕೊಡಬಹುದು, ಪಾಲುದಾರನ ಗಾದಿಯನ್ನಲ್ಲ. 1932ರ ಪಾಲುದಾರಿಕೆ ಕಾಯ್ದೆಯಂತೆ, ಬೇರೆ ಕರಾರಿಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ದಿನವೇ ಸಂಸ್ಥೆ ವಿಸರ್ಜನೆ. ಒಬ್ಬರೇ ನಡೆಸುವ ಅಂಗಡಿಯಾದರೂ ಜಿಎಸ್‌ಟಿ ನೋಂದಣಿ ಉಯಿಲಿನೊಂದಿಗೆ ಬರದು. ಮುಂದುವರಿಸುವವರು ತಮ್ಮ ಹೆಸರಿನಲ್ಲಿ ಹೊಸದಾಗಿ ಪಡೆಯಬೇಕು.

★ ಉಯಿಲಿಲ್ಲದೆ ಹಿಂದೂ ಗಂಡಸು ಸತ್ತರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ, ಎಲ್ಲರಿಗೂ ಸಮಪಾಲು. ತಂದೆಗೆ ಈ ಮೊದಲ ಸಾಲಿನಲ್ಲಿ ಜಾಗವಿಲ್ಲ.

★ ಉಯಿಲಿಲ್ಲದೆ ಹಿಂದೂ ಹೆಂಗಸು ಸತ್ತರೆ ಆಗುವುದನ್ನು ಕೇಳಿದರೆ ಮನಸ್ಸು ನೋಯುತ್ತದೆ. ಮಕ್ಕಳಿಲ್ಲದ ವಿಧವೆ ಹೂ ಮಾರಿಯೋ ಹೊಲಿಗೆ ಹಾಕಿಯೋ ಸ್ವಂತ ದುಡಿಮೆಯಿಂದ ಒಂದು ಮನೆ ಮಾಡಿಕೊಂಡಿದ್ದಾಳೆ ಎನ್ನಿ. ಆ ಮನೆ ಹೋಗುವುದು ಗಂಡನ ವಾರಸುದಾರರಿಗೆ, ಅವಳನ್ನು ಸಾಕಿದ ತಾಯಿತಂದೆಗಲ್ಲ. ಗಂಡನ ಮನೆಯವರು ಅವಳನ್ನು ಹೊರಗಟ್ಟಿದ್ದರೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ 2009ರ ಓಂಪ್ರಕಾಶ್ ಪ್ರಕರಣದಲ್ಲಿ ಹೇಳಬೇಕಾಯಿತು. ಭಾವನೆಯಿಂದ ಕಾನೂನು ಬದಲಾಗದು ಎಂಬುದು ಆ ತೀರ್ಪಿನ ತಿರುಳು. ಕಾನೂನು ಬದಲಾಗುವವರೆಗೆ ಅವಳ ಕೈಯಲ್ಲಿರುವ ಉಪಾಯ ಒಂದೇ, ಅವಳದೇ ಒಂದು ಉಯಿಲು. ದುಡಿಯುವ ಅಕ್ಕ, ಅತ್ತೆ, ಚಿಕ್ಕಮ್ಮ ನಿಮ್ಮ ಮನೆಯಲ್ಲಿದ್ದರೆ ಈ ಒಂದು ಸಂಗತಿಯನ್ನು ಅವರಿಗೆ ಓದಿ ಹೇಳಿ.

★ 'ಸದರಿ ಮನೆಯನ್ನು ನನ್ನ ಪತ್ನಿಯು ತನ್ನ ಜೀವಿತಕಾಲದವರೆಗೆ ಅನುಭವಿಸಿಕೊಂಡು ಹೋಗತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ.' ಹಳೆಯ ಉಯಿಲುಗಳಲ್ಲಿ ಈ ಧಾಟಿಯ ಮಾತು ಸಾಮಾನ್ಯ. ಹೆಂಡತಿಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಹೀಗೆ ಬರೆದಿದ್ದರೆ, 1956ರ ಕಾಯ್ದೆಯ 14ನೇ ಕಲಂನಿಂದ ಅದು ಪೂರ್ಣ ಒಡೆತನವಾಗುತ್ತದೆ ಎಂದು 1977ರ ತುಳಸಮ್ಮ ಪ್ರಕರಣ ಹೇಳಿತು. ಆಮೇಲಿನ ತೀರ್ಪುಗಳು ಒಂದೊಂದು ದಿಕ್ಕಿಗೆ ಎಳೆದವು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ಲೆಕ್ಕ ನೋಡಿದವಳಿಗೆ ಅನುಭವಿಸುವ ಹಕ್ಕು ಮಾತ್ರ ಕೊಡುವುದು ನನಗೆ ನ್ಯಾಯವೆನಿಸುವುದಿಲ್ಲ. ಕೊಡುವುದಾದರೆ ಪೂರ್ತಿ ಕೊಡಿ, 'ಸಂಪೂರ್ಣ ಹಕ್ಕಿನಿಂದ' ಎಂದು ಬರೆಸಿ.

★ ಹೆಂಡತಿಮಕ್ಕಳಿಗೆ ಏನೂ ಬರೆಯದೆ ಎಲ್ಲವನ್ನೂ ಬೇರೆಯವರಿಗೆ ಬರೆದರೂ, ಅವಲಂಬಿತರು ಆ ಆಸ್ತಿಯಿಂದ ಜೀವನಾಂಶ ಕೇಳಬಹುದು. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಬಾಗಿಲನ್ನು ತೆರೆದಿಟ್ಟಿದೆ.

★ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರು ಊರಿನವರಿಗೆ ಗೊತ್ತಿದ್ದೇ ಇದೆ. 1934ರ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ, ಅದಕ್ಕೆ ಮಾತು, ಹಾಡು ಬರೆದವರು ಅವರು. ಬರೆದ ನಾಟಕ, ಪದ್ಯ, ಪುಸ್ತಕದ ಹಕ್ಕುಸ್ವಾಮ್ಯವೂ ಮನೆ, ತೋಟದಂತೆ ಉಯಿಲಿನಲ್ಲಿ ಕೊಡಬಹುದಾದ ಆಸ್ತಿಯೇ. ಬರೆದವರು ತೀರಿದ ಮೇಲೆ 60 ವರ್ಷ ಅದು ಜೀವಂತ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ.

★ ಗೇಣಿ ಹಕ್ಕನ್ನು ಉಯಿಲಿನಲ್ಲಿ ಹೊರಗಿನವರಿಗೆ ಕೊಡುವಂತಿಲ್ಲ. ಜಮಖಂಡಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹೀಗೆ ಹೇಳಿತು.

★ ಚಿಕ್ಕ ಮಕ್ಕಳಿಗೆ ಪೋಷಕರು ಯಾರಾಗಬೇಕು ಎಂಬುದನ್ನೂ ಉಯಿಲಿನಲ್ಲಿ ಬರೆಯಬಹುದು. ತಂದೆ ಬರೆದಿದ್ದರೂ, ತಾಯಿ ಬದುಕಿರುವವರೆಗೆ ಆ ನೇಮಕ ನಡೆಯದು.

★ ಉಯಿಲಿನ ಆಧಾರದ ಮೇಲೆ ಪಹಣಿ, ಖಾತೆ ಬದಲಾದರೆ ಒಡೆತನ ಸಿದ್ಧವಾಯಿತು ಎಂದಲ್ಲ. ಖಾತೆ ಇರುವುದು ಕಂದಾಯಕ್ಕೆ. ಹಕ್ಕಿನ ತಕರಾರು ಬಂದರೆ ತೀರ್ಮಾನ ಸಿವಿಲ್ ನ್ಯಾಯಾಲಯದಲ್ಲಿ.

★ ಬೇರೆ ಪತ್ರಗಳನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು, ಉಯಿಲಿಗೆ ಆ ಗಡುವಿಲ್ಲ. ಬರೆದು ಹತ್ತು ವರ್ಷದ ಮೇಲಾದರೂ, ಬರೆದವರು ತೀರಿದ ಮೇಲಾದರೂ ಹಾಜರುಪಡಿಸಬಹುದು. ಉಯಿಲಿನಲ್ಲಿ ಏನಿದೆ ಎಂದು ಮನೆಯವರಿಗೆ ಈಗಲೇ ತಿಳಿಯುವುದು ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. 1908ರ ನೋಂದಣಿ ಕಾಯ್ದೆಯ 42ನೇ ಕಲಂ ಪ್ರಕಾರ, ಉಯಿಲನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಮೇಲೆ ಹೆಸರು ಬರೆದು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಬೇಕೆಂದಾಗ ನೀವೇ ಹಿಂದಕ್ಕೆ ಪಡೆಯಬಹುದು. ನಿಮ್ಮ ಕಾಲಾನಂತರ ಮನೆಯವರು ಅರ್ಜಿ ಕೊಟ್ಟರೆ ಅವರ ಎದುರಿನಲ್ಲೇ ಲಕೋಟೆ ತೆರೆದು, ಪುಸ್ತಕದಲ್ಲಿ ನಕಲು ಮಾಡಿಕೊಂಡು, ಮೂಲ ಪತ್ರವನ್ನು ಕಚೇರಿಯಲ್ಲೇ ಕಾಪಾಡುತ್ತಾರೆ.